ಹಿಮದ ಹಾದಿಯ ದಿನವರ್ತಮಾನ

ಗೋದಾವರಿಯ ಬಯಲಿನಲ್ಲಿ, ಸಮುದ್ರಮಟ್ಟದಿಂದ ಆರುನೂರು ಮೀಟರನ್ನೂ ಮುಟ್ಟದ ಎತ್ತರದಲ್ಲಿ, ನಾಸಿಕ ನಗರದ ಪೂರ್ವದಿಕ್ಕಿಗೆ ನೆಲೆಸಿರುವ ನಿಫಾಡ್ ಎಂಬ ಊರು, ತನ್ನ ತಾಲ್ಲೂಕಿನ ಲಾಸಲಗಾಂವದ ಈರುಳ್ಳಿ ಪೇಟೆಯಿಂದಲೂ ಮೈಲಿಗಟ್ಟಲೆ ಹಬ್ಬಿದ ದ್ರಾಕ್ಷಿಯ ತೋಟಗಳಿಂದಲೂ ಪ್ರಸಿದ್ಧವಾಗಿರುವುದು ಎಷ್ಟು ಸಹಜವೋ, ಚಳಿಯಿಂದ ಪ್ರಸಿದ್ಧವಾಗಿರುವುದು ಹೊರಗಿನವರಿಗೆ ಅಷ್ಟೇ ಆಶ್ಚರ್ಯಕರ. ಡಿಸೆಂಬರ್ ಜನವರಿಗಳಲ್ಲಿ ಮಹಾರಾಷ್ಟ್ರದ ಅತ್ಯಂತ ಕಡಿಮೆ ಉಷ್ಣಾಂಶವೆಂದು ಪತ್ರಿಕೆಗಳಲ್ಲಿ ಅಚ್ಚಾಗುವ ಅಂಕಿ, ಎತ್ತರದ ಮಹಾಬಳೇಶ್ವರದ್ದಾಗಿರದೆ, ಅನೇಕ ಸಲ ನಿಫಾಡಿನ ಕುಂದೇವಾಡಿಯಲ್ಲಿರುವ ಗೋಧಿ ಸಂಶೋಧನ ಕೇಂದ್ರದ ಅಂಕಿಯೇ ಆಗಿರುತ್ತದೆ. 2018ರ ಡಿಸೆಂಬರ್ ಕಡೆಯ ವಾರದಲ್ಲಿ ಅಲ್ಲಿಯ ಉಷ್ಣತಾಮಾಪಕದ ಪಾದರಸ 2 ಡಿಗ್ರಿಗಿಂತಲೂ ಕೆಳಕ್ಕೆ ಇಳಿದಿತ್ತು. ಅಂಥ ಬೆಳಗಿನಲ್ಲಿ ಹುಲ್ಲಿನ ಮೇಲೂ ದ್ರಾಕ್ಷಿಯ ಎಲೆಯ ಮೇಲೂ ಇಬ್ಬನಿ ಹನಿಯಾಗಿ ನಿಲ್ಲದೆ ಬಿಳಿಯ ಹರಳಾಗಿ ಕುಳಿತಿರುತ್ತದೆ.

ಉಷ್ಣಾಂಶ ಸೊನ್ನೆಗಿಂತ ಮೇಲಿರುವಾಗ ನೀರು ಹೆಪ್ಪುಗಟ್ಟುವುದು ಹೇಗೆಂದು ಸಂದೇಹ ಬರುವುದು ನ್ಯಾಯವೇ. ಹವಾಮಾನ ಕೇಂದ್ರದ ಉಷ್ಣತಾಮಾಪಕವು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಬಿಳಿಯ ಬಣ್ಣ ಬಳಿದ ಜಾಲರಿಯ ಪೆಟ್ಟಿಗೆಯೊಳಗೆ, ಗಾಳಿಯ ಉಷ್ಣಾಂಶವನ್ನು ಅಳೆಯುತ್ತದೆ. ಆದರೆ ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುವುದರಿಂದ, ಪೆಟ್ಟಿಗೆಯೊಳಗೆ 2 ಡಿಗ್ರಿ ಇರುವಾಗಲೇ ಹುಲ್ಲಿನ ತುದಿಯಲ್ಲಿ ಸೊನ್ನೆಗಿಂತ ಕಡಿಮೆಯಾಗಿರುವುದುಂಟು. ಅಳೆದ ಜಾಗಕ್ಕೂ ಹಾನಿಯಾಗುವ ಜಾಗಕ್ಕೂ ನಾಲ್ಕೇ ಅಡಿಯ ಅಂತರ. ಆ ಅಂತರದೊಳಗೇ ನೀರು ಮಂಜುಗಡ್ಡೆಯಾಗುವ ಗೆರೆ ಹಾದುಹೋಗಿರುತ್ತದೆ. ಇದನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಹೇಳತಕ್ಕದ್ದೆಲ್ಲ ಈ ಅಂತರವನ್ನೇ ಕುರಿತದ್ದು.

ದ್ರಾಕ್ಷಿ ಬೆಳೆಗಾರನಿಗೆ ಈ ಅಂತರ ಪುಸ್ತಕದಿಂದ ತಿಳಿದದ್ದಲ್ಲ. ಚಳಿ ಮಿತಿಮೀರಿದರೆ ಕಾಯಿ ಊದುವುದು ನಿಲ್ಲುತ್ತದೆ, ಸಕ್ಕರೆ ತುಂಬುತ್ತಿರುವ ಹಣ್ಣು ಬಿರಿಯುತ್ತದೆ. ಬಿರಿದ ಹಣ್ಣನ್ನು ರಫ್ತಿನ ವ್ಯಾಪಾರಿ ಕಣ್ಣೆತ್ತಿಯೂ ನೋಡುವುದಿಲ್ಲ. ಆದುದರಿಂದ ಅವನು ಸಂಜೆಯ ಆಕಾಶವನ್ನು ನೋಡಿ, ಹಿಂದಿನ ಬೆಳಗಿನ ಅಂಕಿಯನ್ನು ಕೇಳಿ ತಿಳಿದು, ರಾತ್ರಿಯ ಮೂರನೆಯ ಜಾವದಲ್ಲಿ ಎದ್ದು, ಚಪ್ಪರದ ಸಾಲುಗಳ ನಡುವೆ ಕಸಕಡ್ಡಿಗೆ ಬೆಂಕಿಯಿಟ್ಟು ಹೊಗೆ ಹಬ್ಬಿಸುತ್ತಾನೆ. ಬೆಳಗಿನ ಜಾವಕ್ಕೆ ಹನಿ ನೀರಾವರಿಯ ಕೊಳವೆ ತೆರೆದು ಬಾವಿಯ ಬೆಚ್ಚಗಿನ ನೀರನ್ನು ಬೇರಿಗೆ ಬಿಡುತ್ತಾನೆ. ದೂರದ ಉತ್ತರದಲ್ಲಿ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಬರುವ ಪಶ್ಚಿಮದ ವಾಯುಕ್ಷೋಭೆಗಳು ಹಿಮಾಲಯದ ಮೇಲೆ ಹಿಮ ಸುರಿಸಿ ದಾಟಿದ ಬಳಿಕ, ಆ ಹಿಮವನ್ನು ಸೋಕಿದ ಒಣ ಶೀತಗಾಳಿ ಬಯಲುಗಳನ್ನು ಹಾದು ದಖನ್ನಿನ ಅಂಚಿಗೆ ಬಂದು ಮುಟ್ಟುತ್ತದೆ. ಹಿಮಾಚಲದಲ್ಲಿ ಹಿಮ ಬಿತ್ತೆಂಬ ಸುದ್ದಿ ಬಂದ ಒಂದೆರಡು ದಿನಕ್ಕೆ ನಿಫಾಡಿನಲ್ಲಿ ಸೌದೆ ಸಿದ್ಧವಾಗಿರುವುದು ಹೀಗೆ. ಬೆಂಗಳೂರಿನಲ್ಲಿ ಪ್ರಧಾನ ಕಛೇರಿಯುಳ್ಳ ಎಚ್.ಎ.ಎಲ್. ಸಂಸ್ಥೆಯ ವಿಮಾನ ಕಾರ್ಖಾನೆಯಿರುವ ಓಝರ್ ಕೂಡ ಇದೇ ತಾಲ್ಲೂಕಿಗೆ ಸೇರಿದ್ದಾದುದರಿಂದ ಕನ್ನಡಿಗರಿಗೆ ಈ ನೆಲ ಪೂರ್ತಿ ಅಪರಿಚಿತವೇನೂ ಅಲ್ಲ. ಆದರೆ ಈ ಚಳಿಯ ಲೆಕ್ಕಾಚಾರವನ್ನು ನಾವು ಗಮನಿಸಿದ್ದು ಕಡಿಮೆ.

ಒಂದು ಗೊಂಚಲು ಹಣ್ಣಿಗಾಗಿ ಮನುಷ್ಯ ಇಷ್ಟೊಂದು ಎಚ್ಚರದಿಂದ ರಾತ್ರಿ ಕಳೆಯಬಲ್ಲನಾದರೆ, ಮನುಷ್ಯನಿಗಾಗಿಯೇ ಆ ಎಚ್ಚರವನ್ನು ಹಿಮದ ಹಾದಿಯಲ್ಲಿ ಏಕೆ ಇಟ್ಟುಕೊಳ್ಳಬಾರದು ಎಂಬುದೇ ಈ ಲೇಖನವನ್ನು ಬರೆಯಿಸುತ್ತಿರುವ ಪ್ರಶ್ನೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಪುಣೆ, ನಾಸಿಕಗಳಿಂದ ವರ್ಷವರ್ಷವೂ ದೊಡ್ಡ ಸಂಖ್ಯೆಯಲ್ಲಿ ಜನ ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಇವರೆಲ್ಲ ಹಿಮವೇ ಬೀಳದ ನೆಲದ ಮಕ್ಕಳು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರಿನಷ್ಟು, ನಾಸಿಕ ಜಿಲ್ಲೆಯ ಗಡಿಯಲ್ಲಿದ್ದು ಮಹಾರಾಷ್ಟ್ರಕ್ಕೆಲ್ಲ ಹಿರಿದಾದ ಕಳಸೂಬಾಯಿ 1,646 ಮೀಟರು. ಇವೆರಡರ ನೆತ್ತಿಯ ಮೇಲೂ ಮೋಡ ಮಲಗುತ್ತದೆ, ಮಳೆ ಚಚ್ಚುತ್ತದೆ, ಹಿಮ ಬೀಳುವುದಿಲ್ಲ. ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆಯನ್ನು ನಕ್ಷತ್ರದ ಹೆಸರು ಹಿಡಿದು ಗುರುತಿಸಿ, ಯಾವುದು ಬಿತ್ತನೆಗೆ, ಯಾವುದು ಕಳೆಗೆ ಎಂದು ತಲೆಮಾರುಗಳಿಂದ ಅರಿತುಕೊಂಡು ಬಂದ ನಮ್ಮ ಜನಕ್ಕೆ ಹಿಮದ ವಿಷಯದಲ್ಲಿ ಅಂಥ ಪರಂಪರೆ ಒದಗಿ ಬಂದಿಲ್ಲ. ದಾರಿಯ ಮೇಲೆ ಬಿದ್ದ ಬಿಳುಪು ನಿನ್ನೆಯದೋ ಹೋದ ತಿಂಗಳದ್ದೋ, ಅದರ ಕೆಳಗೆ ಇರುವುದು ನೆಲವೋ ನೀರೋ, ಈ ಹೊತ್ತಿಗೆ ಅದನ್ನು ದಾಟಬಹುದೋ ಬಾರದೋ ಎಂಬುದನ್ನು ನಾವು ಕೇಳಿಯೇ ತಿಳಿಯಬೇಕಾದವರು.

2024ರ ಮೇ 29ರಂದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಿಂದ ಸಹಸ್ರತಾಲ್ ಎಂಬ ಸರೋವರಗಳ ಎಡೆಗೆ ಹೊರಟ 22 ಜನರ ತಂಡದಲ್ಲಿ ಬಹುಮಂದಿ ಕರ್ನಾಟಕದವರು. ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಸಂಪರ್ಕದಿಂದ ಕೂಡಿದವರು. ಅವರಲ್ಲಿ ಹಲವರಿಗೆ ಹಿಮಾಲಯದ ನಡಿಗೆ ಹೊಸತಾಗಿರಲಿಲ್ಲ. ಸಹಸ್ರತಾಲ್ ಇರುವುದು ಸುಮಾರು 4,400 ಮೀಟರಿಗೂ ಮೇಲೆ. ಜೂನ್ 3ರಂದು ಅವರು ಮೇಲಿನಿಂದ ಶಿಬಿರದ ಕಡೆಗೆ ಮರಳುತ್ತಿದ್ದಾಗ, ಮರವಿಲ್ಲದ, ಮರೆಯಿಲ್ಲದ ಬಯಲಿನಲ್ಲಿ ಹಿಮಗಾಳಿ ಬೀಸಿತು. ಕಣ್ಣಿಗೆ ದಾರಿ ಕಾಣದೆ, ಶಿಬಿರವನ್ನು ಸೇರಲಾಗದೆ, ರಾತ್ರಿಯನ್ನು ಬಯಲಿನಲ್ಲೇ ಕಳೆಯಬೇಕಾಗಿ ಬಂದು, ಒಂಬತ್ತು ಜನ ಚಳಿಯಲ್ಲಿ ಪ್ರಾಣಬಿಟ್ಟರು. ಸುದ್ದಿ ಹೊರಜಗತ್ತಿಗೆ ಮುಟ್ಟಿದ್ದು ಮರುದಿನ. ಆ ಬಳಿಕ ರಾಜ್ಯದ ವಿಪತ್ತು ಪರಿಹಾರ ಪಡೆ ಕಾಲ್ನಡಿಗೆಯಲ್ಲೂ ವಾಯುಪಡೆ ಹೆಲಿಕಾಪ್ಟರುಗಳಲ್ಲೂ ಹೋಗಿ ಉಳಿದ ಹದಿಮೂರು ಜನರನ್ನು ಕಾಪಾಡಿದವು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ದೆಹರಾದೂನಿಗೆ ಹೋಗಿ ನಿಂತು, ಬದುಕಿದವರನ್ನೂ ಮೃತರ ದೇಹಗಳನ್ನೂ ಊರಿಗೆ ತಲುಪಿಸುವ ಏರ್ಪಾಡನ್ನು ನೋಡಿಕೊಂಡರು.

ಅಂದು ನಮ್ಮ ಮನೆಮನೆಗಳಲ್ಲಿ ಕೇಳಿಬಂದ ಮಾತು, ಜೂನ್ ತಿಂಗಳಲ್ಲಿ ಹಿಮವೇ, ಎಂಬುದು. ಇಲ್ಲಿ ಬಿಸಿಲು ಇಳಿದು ಮುಂಗಾರು ಕಾಲಿಡುವ ಹೊತ್ತು ಅದು. ಆದರೆ ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಉಷ್ಣಾಂಶ ಇಳಿಯುತ್ತದೆ ಎಂಬ ಸಾಮಾನ್ಯ ಲೆಕ್ಕವನ್ನು ಹಿಡಿದರೂ, 1,158 ಮೀಟರಿನ ಉತ್ತರಕಾಶಿ ಪಟ್ಟಣದಲ್ಲಿ 22 ಡಿಗ್ರಿಯ ಹಿತವಾದ ಹವೆ ಇರುವಾಗಲೇ 4,400 ಮೀಟರಿನ ಹಾದಿಯಲ್ಲಿ ಅದು ಸೊನ್ನೆಯ ಹತ್ತಿರ ಬಂದಿರುತ್ತದೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 60 ಕಿಲೋಮೀಟರಿನ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿನ ಚಳಿಯಂತೆ ತಗಲುತ್ತದೆ. ಬಟ್ಟೆ ತೊಯ್ದಿದ್ದರೆ ಮೈಯ ಕಾವು ಇನ್ನೂ ವೇಗವಾಗಿ ಹರಿದುಹೋಗುತ್ತದೆ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದ ಮೇಲೆ ಮೊದಲು ಕುಂಠಿತವಾಗುವವುಗಳಲ್ಲಿ ವಿವೇಚನೆಯೂ ಒಂದಾದುದರಿಂದ, ತಾನು ಅಪಾಯದಲ್ಲಿದ್ದೇನೆಂಬುದು ಆ ವ್ಯಕ್ತಿಗೇ ತಿಳಿಯದೆ ಹೋಗುತ್ತದೆ. ನಿಫಾಡಿನಲ್ಲಿ ನಾಲ್ಕಡಿಯೊಳಗೆ ಹಾದುಹೋಗುವ ಗೆರೆ ಇಲ್ಲಿ ಮೂರು ಸಾವಿರ ಮೀಟರಿನ ನಡುವೆ ಎಲ್ಲೋ ಅಡಗಿರುತ್ತದೆ. ಅದು ಎಲ್ಲಿದೆಯೆಂದು ಆ ದಿನ ನೋಡಿ ಹೇಳುವವರು ಯಾರು?

ಹೇಳುವುದು ಸಾಧ್ಯವೇ ಎಂಬ ಪ್ರಶ್ನೆಗೆ ಸಾಧ್ಯವೆಂದೇ ಉತ್ತರ. ಹಿಮವನ್ನು ಓದುವ ವಿದ್ಯೆ ಒಂದಿದೆ, ಅದು ನೂರು ವರ್ಷಕ್ಕೂ ಮಿಕ್ಕಿ ಬೆಳೆದುಬಂದಿದೆ.

ನೆಲದ ಮೇಲೆ ಬಿದ್ದ ಹಿಮ ಒಂದೇ ವಸ್ತುವಲ್ಲ. ಪ್ರತಿಯೊಂದು ಸುರಿತವೂ ಒಂದೊಂದು ಪದರ. ಪ್ರತಿಯೊಂದು ಪದರವೂ ತಾನು ಬಿದ್ದ ದಿನದ ಗಾಳಿಯನ್ನೂ ಬಿಸಿಲನ್ನೂ ಚಳಿಯನ್ನೂ ತನ್ನಲ್ಲಿ ಉಳಿಸಿಕೊಂಡಿರುತ್ತದೆ. ಹೊಸದಾಗಿ ಬಿದ್ದ ಹಗುರ ಹಿಮವನ್ನು ಹತ್ತು ಸೆಂಟಿಮೀಟರು ಕರಗಿಸಿದರೆ ದೊರೆಯುವ ನೀರು ಒಂದು ಸೆಂಟಿಮೀಟರಿನಷ್ಟು. ವಸಂತದಲ್ಲಿ ಕುಗ್ಗಿ ಗಟ್ಟಿಯಾದ ಹಳೆಯ ಹಿಮದಲ್ಲಾದರೆ ಅದೇ ದಪ್ಪಕ್ಕೆ ನಾಲ್ಕೈದು ಪಟ್ಟು ನೀರು. ಈ ಪದರಗಳಲ್ಲಿ ಅತ್ಯಂತ ಕಪಟಿಯಾದದ್ದು ನಿಫಾಡಿನ ರೈತ ಬೆಳಗಾಗೆದ್ದು ತನ್ನ ಎಲೆಗಳ ಮೇಲೆ ಕಾಣುವ ಹರಳಿನ ಸಮೀಪದ ಬಂಧು. ಮೋಡವಿಲ್ಲದ, ಗಾಳಿಯಾಡದ ಹಿಮಾಲಯದ ರಾತ್ರಿಯಲ್ಲಿ, ಅದೇ ಕಾರಣದಿಂದ, ಹಿಮದ ಮೈ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿದಾಗ, ಗಾಳಿಯೊಳಗಿನ ಆವಿ ನೀರಾಗದೆ ನೇರವಾಗಿ ಹರಳಾಗಿ ಅದರ ಮೇಲೆ ಬೆಳೆಯುತ್ತದೆ: ಗರಿಯಂತೆ ತೆಳ್ಳಗೆ, ನೆಟ್ಟಗೆ ನಿಂತು, ಬೆಳಗಿನ ಬಿಸಿಲಿಗೆ ಹೊಳೆಯುವ ಪದರ. ನೋಡಲು ಅದಕ್ಕಿಂತ ಸುಂದರವಾದದ್ದು ಪರ್ವತದಲ್ಲಿ ಮತ್ತೊಂದಿಲ್ಲ. ಬಿಸಿಲಾಗಲಿ ಗಾಳಿಯಾಗಲಿ ಅದನ್ನು ಅಳಿಸಿಹಾಕಿದರೆ ಕ್ಷೇಮ. ಅಳಿಯುವ ಮೊದಲೇ ಮತ್ತೊಂದು ಸುರಿತ ಬಂದು ಅದನ್ನು ಮುಚ್ಚಿಬಿಟ್ಟಿತೋ, ಆ ಗರಿಗಳು ಒಳಗೇ ನಿಂತು, ವಾರಗಟ್ಟಲೆ ಒಂದಕ್ಕೊಂದು ಬೆಸೆಯದೆ, ಮೇಲಿನ ಭಾರವನ್ನು ಹೊತ್ತುಕೊಂಡಿರುತ್ತವೆ. ಹರಡಿದ ರಾಗಿಯ ಮೇಲೆ ಇಟ್ಟ ಹಲಗೆಯಂತೆ ಆಗ ಮೇಲಿನ ಹಿಮದ ಸ್ಥಿತಿ. ಇಳಿಜಾರು 30ರಿಂದ 45 ಡಿಗ್ರಿಯಷ್ಟಿದ್ದರೆ, ಒಬ್ಬ ನಡೆಯುವವನ ತೂಕ ಸಾಕು, ಇಡೀ ಮೈ ಜಾರಿ ಹೊರಡುತ್ತದೆ. ಹಿಮಕುಸಿತಕ್ಕೆ ಸಿಲುಕಿದವರಲ್ಲಿ ಬಹುಜನ ತಾವಾಗಲಿ ತಮ್ಮ ಜೊತೆಯವರಾಗಲಿ ಇಟ್ಟ ಹೆಜ್ಜೆಯಿಂದಲೇ ಅದನ್ನು ಎಬ್ಬಿಸಿದವರೆಂಬುದು ಆಲ್ಪ್ಸಿನ ಅನುಭವ.

ಒಳಗೆ ಹೂತ ಈ ಪದರ ಮೇಲಿನಿಂದ ಕಾಣುವುದಿಲ್ಲವಾದುದರಿಂದ, ವೀಕ್ಷಕ ಸಲಿಕೆ ಹಿಡಿದು ಹಿಮದಲ್ಲಿ ಗುಂಡಿ ತೆಗೆಯುತ್ತಾನೆ. ಗುಂಡಿಯ ಗೋಡೆಯನ್ನು ನಯವಾಗಿ ಸವರಿ, ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಒತ್ತಿ ನೋಡುತ್ತಾನೆ: ಮುಷ್ಟಿಗೇ ಒಳಕ್ಕೆ ಹೋಗುವ ಪದರ ಯಾವುದು, ನಾಲ್ಕು ಬೆರಳಿಗೆ ಬಿಡುವುದು ಯಾವುದು, ಒಂದು ಬೆರಳಿಗೆ ಯಾವುದು, ಪೆನ್ಸಿಲಿಗೆ ಯಾವುದು, ಚಾಕುವಿಗೆ ಮಾತ್ರ ಯಾವುದು. ಈ ಐದು ಮೆಟ್ಟಿಲುಗಳ ಗಡಸುತನದ ಲೆಕ್ಕ ಇಂದಿಗೂ ಜಗತ್ತಿನ ಹಿಮತಜ್ಞರ ದಿನನಿತ್ಯದ ಲೆಕ್ಕ. ಗಟ್ಟಿ ಪದರದ ಕೆಳಗೆ ಮುಷ್ಟಿ ಸಲೀಸಾಗಿ ಒಳಹೋಗುವ ತೆಳು ಪದರ ಸಿಕ್ಕಿತೆಂದರೆ ಅಲ್ಲಿ ಎಚ್ಚರ. ಜೊತೆಗೆ ಅವನು ಅಂಗುಲಂಗುಲಕ್ಕೆ ಉಷ್ಣತೆಯನ್ನೂ ಅಳೆಯುತ್ತಾನೆ. ಒಂದು ಮೀಟರು ದಪ್ಪದೊಳಗೆ ಹತ್ತು ಡಿಗ್ರಿಗಿಂತ ಹೆಚ್ಚಿನ ಏರಿಳಿತವಿದ್ದರೆ ಒಳಗಿನ ಕಣಗಳು ಬೆಸುಗೆ ಬಿಟ್ಟು ಸಕ್ಕರೆಯ ಹರಳುಗಳಾಗುತ್ತಿವೆಯೆಂದು ಅರ್ಥ. ಬೆಲೆಬಾಳುವ ಯಂತ್ರ ಇಲ್ಲಿ ಯಾವುದೂ ಇಲ್ಲ. ಸಲಿಕೆ, ಪೆನ್ಸಿಲು, ಉಷ್ಣತಾಮಾಪಕ, ನೋಟುಬುಕ್ಕು, ದಿನವೂ ಹೋಗಿ ನೋಡುವ ಒಬ್ಬ ಮನುಷ್ಯ ಇವಿಷ್ಟೇ.

ಸ್ವಿಟ್ಜರ್ಲೆಂಡಿನ ದಾವೋಸ್ ಊರಿನ ಮೇಲೆ, 2,540 ಮೀಟರು ಎತ್ತರದ ವೈಸ್‌ಫ್ಲೂಯೋಖ್ ಎಂಬಲ್ಲಿ 1936ರಿಂದ ಇಂದಿನವರೆಗೆ ಹಿಮವನ್ನು ಅಳೆಯುತ್ತ ಬಂದಿದ್ದಾರೆ. ಅಲ್ಲಿಯ ಸಂಸ್ಥೆ 1945ರಿಂದ ಹಿಮಕುಸಿತದ ಪ್ರಕಟಣೆಯನ್ನು ಸಾರ್ವಜನಿಕರಿಗಾಗಿಯೇ ಹೊರಡಿಸುತ್ತಿದೆ. 1993ರಲ್ಲಿ ಯೂರೋಪಿನ ದೇಶಗಳು ಒಪ್ಪಿಕೊಂಡ ಐದು ಮಟ್ಟಗಳ ಅಪಾಯಸೂಚಿಯಲ್ಲಿ ಅದು ಈಗ ಹೊರಬೀಳುತ್ತದೆ. ಇಂದು ಯಾವ ದಿಕ್ಕಿನ ಇಳಿಜಾರು, ಯಾವ ಎತ್ತರದ ಮೇಲೆ, ಯಾವ ಕಾರಣಕ್ಕೆ ಅಪಾಯಕರ ಎಂಬುದನ್ನು ಅಲ್ಲಿಯ ಚಾರಣಿಗ ಬೆಳಗಿನ ಕಾಫಿಯ ಜೊತೆ ಓದಿಕೊಂಡು ಹೊರಡುತ್ತಾನೆ. ಅಮೆರಿಕದ ನೆವಾಡಾದಲ್ಲಿ ಜೇಮ್ಸ್ ಚರ್ಚ್ ಎಂಬ ಲ್ಯಾಟಿನ್ ಅಧ್ಯಾಪಕರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ರೋಸ್ ಪರ್ವತವನ್ನು ಚಳಿಗಾಲದಲ್ಲಿ ಹತ್ತಿ ಹತ್ತಿ, ಹಿಮದ ನಡುವೆ ಇಳಿಸಿ ತೂಗಿ ಅದರೊಳಗಿನ ನೀರನ್ನು ಲೆಕ್ಕಹಾಕುವ ಕೊಳವೆಯೊಂದನ್ನು ರೂಪಿಸಿದರು. ಭಾಷಾಶಾಸ್ತ್ರದ ಪಂಡಿತನೊಬ್ಬ ಹಿಮವಿಜ್ಞಾನಕ್ಕೆ ತಳಹದಿ ಹಾಕಿದ್ದು ನನಗೆ ಬಹಳ ಪ್ರಿಯವಾದ ಸಂಗತಿ. ಮತ್ತೆ ಮತ್ತೆ ಹೋಗಿ ನೋಡುವ ಶ್ರದ್ಧೆ ಇದ್ದವನಿಗೆ ಪದವಿ ಯಾವುದಾದರೇನು.

ಭಾರತ ಈ ವಿಷಯದಲ್ಲಿ ಹಿಂದೆ ಬಿದ್ದ ದೇಶವೇ ಎಂದರೆ, ಇಲ್ಲ. ಹಿಮವನ್ನು ಕುರಿತು ವಿಚಾರ ಮಾಡಿದ ಮೊದಲಿಗರಲ್ಲಿ ನಾವೂ ಇದ್ದೇವೆ, ಅದಕ್ಕೆ ಪ್ರೇರಣೆ ಬಂದದ್ದೂ ಈ ದಖನ್ನಿನ ಸಂಕಟದಿಂದಲೇ. ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ನಿಟ್ಟುಸಿರಿನೊಡನೆ ಹೇಳುತ್ತಿದ್ದ 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದರಲ್ಲೊಂದು ಪಾಲು ನಾಶವಾಯಿತು. ಬಳ್ಳಾರಿ, ಧಾರವಾಡ, ಸೊಲ್ಲಾಪುರ, ಅಹಮದನಗರಗಳ ಸೀಮೆಯೂ ತತ್ತರಿಸಿತು. ಮಳೆ ಏಕೆ ಕೈಕೊಟ್ಟಿತೆಂದು ಹುಡುಕುವ ಹೊಣೆ, 1875ರಲ್ಲಷ್ಟೇ ಸ್ಥಾಪಿತವಾಗಿದ್ದ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡರ ಮೇಲೆ ಬಿತ್ತು. ಹಿಮಾಲಯದಲ್ಲಿ ಚಳಿಗಾಲ ವಸಂತಗಳಲ್ಲಿ ಹಿಮ ವಿಪರೀತವಾಗಿ ಬಿದ್ದು ತಡವಾಗಿ ಕರಗಿದ ವರ್ಷ ಮುಂಗಾರು ಸೊರಗುತ್ತದೆಂಬ ತಮ್ಮ ತರ್ಕವನ್ನು ಅವರು 1884ರಲ್ಲಿ ಪ್ರಕಟಿಸಿದರು. ಬೆಟ್ಟದ ಅಧಿಕಾರಿಗಳಿಂದ ಹಿಮದ ವರದಿಗಳನ್ನು ತರಿಸಿಕೊಂಡು 1886ರ ಜೂನ್‌ನಿಂದ ಮುಂಗಾರಿನ ವಾರ್ಷಿಕ ಮುನ್ಸೂಚನೆಯನ್ನು ಕ್ರಮಬದ್ಧವಾಗಿ ಹೊರಡಿಸಿದರು. ಆ ಸಂಬಂಧ ಅವರು ಎಣಿಸಿದಷ್ಟು ಸರಳವಲ್ಲವೆಂದು ಮುಂದೆ ತಿಳಿದುಬಂತು. ಆದರೆ ಬಯಲುಸೀಮೆಯ ರಾಗಿ ಜೋಳಗಳಿಗಾಗಿ ಹಿಮಾಲಯದ ಹಿಮದ ಲೆಕ್ಕ ಇಟ್ಟ ಆ ಮನೋಧರ್ಮ ದೊಡ್ಡದು.

ಸ್ವಾತಂತ್ರ್ಯಾನಂತರ ಹಿಮದ ಅಧ್ಯಯನ ಮುಖ್ಯವಾಗಿ ಸೈನ್ಯದ ಅವಶ್ಯಕತೆಯಿಂದ ಬೆಳೆಯಿತು. ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ 1969ರಲ್ಲಿ ಮನಾಲಿಯಲ್ಲಿ ಹುಟ್ಟಿತು. 2020ರಲ್ಲಿ ಅದನ್ನು ಮತ್ತೊಂದು ಪ್ರಯೋಗಾಲಯದೊಂದಿಗೆ ಸೇರಿಸಿ, ಚಂಡೀಗಢದಲ್ಲಿ ಕೇಂದ್ರವುಳ್ಳ ರಕ್ಷಣಾ ಭೂಮಾಹಿತಿ ಸಂಶೋಧನ ಸಂಸ್ಥೆಯನ್ನಾಗಿ ಮಾಡಿದರು. ಹಿಮಾಲಯದ ರಾಜ್ಯಗಳಿಗೆ ಹಿಮಕುಸಿತದ ಎಚ್ಚರಿಕೆಗಳು ಬರುವುದು ಇಲ್ಲಿಂದ. ಉತ್ತರಾಖಂಡದಲ್ಲಿ ಮುಕ್ತೇಶ್ವರ, ಸುರಕಂಡಾ ದೇವಿಗಳಂಥ ಎತ್ತರದ ಜಾಗಗಳಲ್ಲಿ ಹವಾಮಾನ ಇಲಾಖೆಯ ರೇಡಾರುಗಳಿವೆ; ಆದರೆ ರೇಡಾರಿನ ಕಿರಣ ಬೆಟ್ಟವನ್ನು ತೂರಿ ಹೋಗಲಾರದಾದುದರಿಂದ ಒಂದೊಂದು ಶಿಖರದ ಹಿಂದೆಯೂ ಕುರುಡು ಕಣಿವೆಗಳು ಉಳಿದೇ ಇರುತ್ತವೆ. ಆಕಾಶದಿಂದ ನೋಡುವ ಉಪಗ್ರಹಗಳಿಗೆ ಆ ತೊಡಕಿಲ್ಲ. ಹಿಮವೂ ಮೋಡವೂ ಕಣ್ಣಿಗೆ ಒಂದೇ ಬಿಳುಪಾದರೂ, ಅವಗೆಂಪಿನ ಒಂದು ಪಟ್ಟಿಯಲ್ಲಿ ಮೋಡ ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ, ಹಿಮ ನುಂಗಿಬಿಡುತ್ತದೆ. ಈ ಭೇದವನ್ನೇ ಹಿಡಿದು ಅಮೆರಿಕದ ಟೆರಾ ಉಪಗ್ರಹವು 2000ದಿಂದ ದಿನಕ್ಕೊಮ್ಮೆ ಭೂಮಿಯ ಹಿಮದ ಹೊದಿಕೆಯ ನಕ್ಷೆ ಒದಗಿಸುತ್ತಿದೆ. ಆದರೆ ಅದರ ಒಂದೊಂದು ಚೌಕವೂ 500 ಮೀಟರಿನದು. ಕಾಲುದಾರಿಯೊಂದು ಹಳ್ಳ ದಾಟುವ ಹತ್ತು ಹೆಜ್ಜೆಯ ಹಿಮದ ಸೇತುವೆ ಆ ಚೌಕದಲ್ಲಿ ಎಲ್ಲಿ ಕಾಣಬೇಕು? ನಮ್ಮ ಇಸ್ರೋ ಅಮೆರಿಕದ ನಾಸಾದೊಂದಿಗೆ ಕೂಡಿ, ಬೆಂಗಳೂರಿನಲ್ಲಿ ಜೋಡಿಸಿ ಪರೀಕ್ಷಿಸಿ, 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಮೇಲೇರಿಸಿದ ನಿಸಾರ್ ಉಪಗ್ರಹದ ರೇಡಾರು ಮೋಡವನ್ನೂ ಕತ್ತಲನ್ನೂ ಭೇದಿಸಿ ನೋಡಬಲ್ಲದು. ಬಹಳ ಸೂಕ್ಷ್ಮವಾಗಿಯೂ ನೋಡಬಲ್ಲದು. ಆದರೆ ಅದು ಒಂದೇ ಪಥಕ್ಕೆ ಹಿಂದಿರುಗುವುದು ಹನ್ನೆರಡು ದಿನಕ್ಕೊಮ್ಮೆ. ಚಾರಣಿಗ ಬೆಳಿಗ್ಗೆ ತುಳಿದ ಹಿಮವಾದರೋ ಮಧ್ಯಾಹ್ನಕ್ಕೇ ಬೇರೆಯಾಗಿರುತ್ತದೆ.

ಮಧ್ಯಾಹ್ನಕ್ಕೆ ಬೇರೆಯಾಗುತ್ತದೆಂಬ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ, ಏಕೆಂದರೆ ಮೇ ಜೂನ್ ತಿಂಗಳ ಸಾಮಾನ್ಯ ಚಾರಣಿಗ ಎದುರಿಸುವುದು ಹೆಚ್ಚಾಗಿ ಇದನ್ನೇ. ಹಗಲಿಡೀ ಬಿಸಿಲಿಗೆ ಮೆತ್ತಗಾದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಗಿನ ಜಾವಕ್ಕೆ ಕಲ್ಲಿನಂತೆ ಗಟ್ಟಿಯಾಗಿ, ಕಾಲಿಗೆ ಹಿಡಿತ ಕೊಡದ ಗಾಜಾಗಿರುತ್ತದೆ. ಬೂಟಿನ ತಳಕ್ಕೆ ಮುಳ್ಳಿನ ಪಟ್ಟಿ ಕಟ್ಟಿಕೊಳ್ಳದೆ ಇಳಿಜಾರನ್ನು ಅಡ್ಡಹಾಯುವುದು ಆಗ ಅಪಾಯ. ಎಂಟು ಒಂಬತ್ತು ಗಂಟೆಗೆ ಮೇಲ್ಮೈ ಹದವಾಗಿ ಸಡಿಲಿದಾಗ ನಡಿಗೆಗೆ ಅನುಕೂಲ. ಹೊತ್ತು ಏರಿದಂತೆ ತೊಡೆಯವರೆಗೆ ಕಾಲು ಹೂಳತೊಡಗುತ್ತದೆ. ಕಲ್ಲುಗಳನ್ನು ಕಚ್ಚಿ ಹಿಡಿದಿದ್ದ ಹಿಮ ಬಿಟ್ಟುಕೊಟ್ಟು ಮೇಲಿನಿಂದ ಕಲ್ಲು ಉರುಳುತ್ತವೆ. ಬೆಳಿಗ್ಗೆ ಮೊಣಕಾಲುದ್ದವಿದ್ದ ಹಳ್ಳ ಕರಗಿದ ನೀರಿನಿಂದ ಸಂಜೆಗೆ ಸೊಂಟದುದ್ದವಾಗುತ್ತದೆ. ಹಳ್ಳದ ಮೇಲೆ ಕಮಾನಾಗಿ ಉಳಿದ ಹಿಮದ ಸೇತುವೆ ಅಡಿಯಿಂದ ಕೊರೆಯುತ್ತ ಬಂದು, ಹೋಗುವಾಗ ಹೊತ್ತು ನಿಂತದ್ದು ಬರುವಾಗ ನಿಲ್ಲದೆ ಹೋಗಬಹುದು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹುಲ್ಲು ಹೂ ಬಿಟ್ಟಿರುವಾಗ, ಅದೇ ಬೆಟ್ಟದ ಉತ್ತರದ ನೆರಳಿನಲ್ಲಿ ದಾರಿ ಇನ್ನೂ ಹಿಮದಡಿಯಲ್ಲಿರುತ್ತದೆ. ಇದು ಯಾವುದನ್ನೂ ಉಪಗ್ರಹವಾಗಲಿ, ಜಿಲ್ಲೆಗೊಂದರಂತೆ ಹೊರಡುವ ಹಳದಿ ಕಿತ್ತಳೆ ಕೆಂಪು ಬಣ್ಣದ ಮುನ್ಸೂಚನೆಯಾಗಲಿ ಹೇಳಲಾರದು. ನಿನ್ನೆ ಆ ದಾರಿಯಲ್ಲಿ ಇಳಿದುಬಂದವನು ಹೇಳಬಲ್ಲ.

ಬಣ್ಣದ ಮುನ್ಸೂಚನೆ ವ್ಯರ್ಥವೆಂದು ನನ್ನ ಅಭಿಪ್ರಾಯವಲ್ಲ. ಅದು ಎಷ್ಟು ಅಮೂಲ್ಯವೆಂಬುದಕ್ಕೆ 2014ರ ಅಕ್ಟೋಬರ್ ಸಾಕ್ಷಿ. ಆ ತಿಂಗಳ 12ರಂದು ವಿಶಾಖಪಟ್ಟಣದ ಬಳಿ ದಡ ಮುಟ್ಟಿದ ಹುದ್‌ಹುದ್ ಚಂಡಮಾರುತ ಎರಡೇ ದಿನದಲ್ಲಿ ಉತ್ತರಕ್ಕೆ ನಡೆದು, ನೇಪಾಳದ ಅನ್ನಪೂರ್ಣಾ ಸೀಮೆಯ 5,416 ಮೀಟರು ಎತ್ತರದ ಥೋರೋಂಗ್ ಕಣಿವೆದಾರಿಯಲ್ಲಿ ಹಿಮವಾಗಿ ಸುರಿದು, ಚಾರಣಿಗರೂ ಹಮಾಲರೂ ಮಾರ್ಗದರ್ಶಕರೂ ಸೇರಿ ನಲವತ್ತಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಅಕ್ಟೋಬರ್ ಎಂದರೆ ಅಲ್ಲಿ ನಿರ್ಮಲ ಆಕಾಶದ ಋತು. ಬಂಗಾಳಕೊಲ್ಲಿಯ ಸುದ್ದಿಗೂ ತಮ್ಮ ದಾರಿಗೂ ನಂಟಿದೆಯೆಂದು ನಡೆಯುತ್ತಿದ್ದವರಿಗೆ ತಿಳಿದಿರಲಿಲ್ಲ. ಚಂಡಮಾರುತದ ಮುನ್ಸೂಚನೆ ಇತ್ತು. ದಾರಿಯ ಮೇಲಿದ್ದವರ ಕೈಗೆ ಅದು ಸೇರಲಿಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ಹಿಮಕುಸಿತಕ್ಕೆ ಸಿಲುಕಿ 29 ಜನ ಇಲ್ಲವಾದರು. ಶಿಕ್ಷಣ ಪಡೆಯುತ್ತಿದ್ದವರೂ ಶಿಕ್ಷಣ ಕೊಡುತ್ತಿದ್ದವರೂ ಅವರಲ್ಲಿದ್ದರು. 2025ರ ಫೆಬ್ರವರಿ 28ರಂದು ಬದರೀನಾಥದ ಆಚೆಯ ಮಾಣಾದಲ್ಲಿ ರಸ್ತೆ ಕೆಲಸದ 54 ಜನ ಹಿಮದಡಿಯಲ್ಲಿ ಸಿಕ್ಕಿಬಿದ್ದರು. 46 ಜನರನ್ನು ಸೈನ್ಯ ಮತ್ತಿತರ ಪಡೆಗಳು ಹೊರತೆಗೆದವು, 8 ಜನ ತೀರಿಕೊಂಡರು. ಆ ಜಿಲ್ಲೆಯ ಎತ್ತರದ ಜಾಗಗಳಿಗೆ ಹಿಮಕುಸಿತದ ಎಚ್ಚರಿಕೆ ಹಿಂದಿನ ಸಂಜೆಯೇ ಹೊರಬಿದ್ದಿತ್ತು. ಎಚ್ಚರಿಕೆ ಹೊರಬೀಳುವುದಕ್ಕೂ, ಆ ರಾತ್ರಿ ಇಂಥ ಇಳಿಜಾರಿನ ಕೆಳಗೆ ಮಲಗಬಾರದೆಂದು ಒಬ್ಬ ಕೂಲಿಗಾರನಿಗೆ ತಿಳಿಯುವುದಕ್ಕೂ ನಡುವೆ ಇರುವ ದೂರ ನಮ್ಮ ದೇಶದಲ್ಲಿ ಇನ್ನೂ ಬಹಳವಾಗಿದೆ.

ಹಿಮವಿಲ್ಲದ ನಮ್ಮ ಬೆಟ್ಟಗಳಲ್ಲಾದರೂ ಈ ದೂರ ಕಡಿಮೆಯೇ? 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ಚಿತ್ರಗಳನ್ನು ಕಂಡು ಕರ್ನಾಟಕದ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ತಡೆಹಿಡಿದು, ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕ ದಾರಿಯೊಂದಕ್ಕೆ ದಿನಕ್ಕೆ 300 ಜನ ಮೀರದಂತೆ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿತು. ಕಾಡಿನ ಹಿತಕ್ಕೆ ಇದು ಒಳ್ಳೆಯ ಕ್ರಮ, ನಾನು ಮನಸಾರೆ ಒಪ್ಪುತ್ತೇನೆ. ಆದರೆ ತಲೆಯೆಣಿಕೆ ಬೇರೆ, ದಾರಿಯ ಸ್ಥಿತಿ ಬೇರೆ. ನಿನ್ನೆ ಸಂಜೆ ಸುರಿದ ಮಳೆಗೆ ಶೇಷಪರ್ವತದ ಬಂಡೆ ಜಾರುತ್ತಿದೆಯೇ, ದಾರಿಯ ಝರಿಯಲ್ಲಿ ಕುಡಿಯುವ ನೀರು ಉಳಿದಿದೆಯೇ, ನಾಸಿಕದ ಹರಿಹರ ಕೋಟೆಯ ಆ ಕಡಿದಾದ ಕಲ್ಲುಮೆಟ್ಟಿಲುಗಳ ಗೂಡುಗಳಲ್ಲಿ ಪಾಚಿ ಕಟ್ಟಿದೆಯೇ ಎಂಬ ಸುದ್ದಿಯನ್ನು ಟಿಕೀಟಿನ ಮೇಲೆ ಯಾರೂ ಬರೆದುಕೊಡುವುದಿಲ್ಲ. ಹೀಗೆ ಬೆಳೆದ ಅಭ್ಯಾಸವನ್ನೇ ಹೊತ್ತುಕೊಂಡು ನಾವು ಹಿಮಾಲಯಕ್ಕೆ ಹೋಗುತ್ತೇವೆ: ಹಣ ಕಟ್ಟಿ ದಿನಾಂಕ ನಿಗದಿಯಾಯಿತೆಂದರೆ ದಾರಿ ತೆರೆದಿದೆಯೆಂದೇ ನಂಬಿಕೆ. ರೈಲಿನ ಟಿಕೀಟು, ಕಛೇರಿಯ ರಜೆ, ಗೆಳೆಯರ ಒತ್ತಾಸೆ ಇವೆಲ್ಲ ಸೇರಿ, ಹಿಂದಿರುಗುವುದು ಸೋಲೆಂಬ ಭಾವನೆಯನ್ನು ಬೇರೂರಿಸುತ್ತವೆ.

ಆಗಬೇಕಾದದ್ದು ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ. ಹಿಮಾಲಯದ ಬಹುತೇಕ ಚಾರಣದ ದಾರಿಗಳ ಬಾಯಲ್ಲಿ ಅರಣ್ಯ ಇಲಾಖೆಯ ಒಂದು ಚೌಕಿ ಇರುತ್ತದೆ, ಅಲ್ಲಿ ಒಂದು ದಪ್ಪ ರಿಜಿಸ್ಟರು ಇರುತ್ತದೆ. ಹೋಗುವವರು ಹೆಸರು, ಊರು, ದೂರವಾಣಿ ಸಂಖ್ಯೆ ಬರೆದು ಶುಲ್ಕ ಕಟ್ಟಿ ಹೋಗುತ್ತಾರೆ. ಇಳಿದು ಬರುವ ತಂಡದ ಮಾರ್ಗದರ್ಶಕನೂ ಅದೇ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುವಂತಾಗಲಿ: ಹಿಮ ಯಾವ ಎತ್ತರದಿಂದ ಆರಂಭವಾಯಿತು, ಯಾವ ಹಳ್ಳದ ಮೇಲಿನ ಸೇತುವೆ ನಿಂತಿದೆ, ಯಾವುದು ಬಿರುಕು ಬಿಟ್ಟಿದೆ, ಯಾವ ಗಂಟೆಗೆ ಗಾಳಿ ಎದ್ದಿತು, ಹೊಸ ಹಿಮ ಬೆರಳುದ್ದವೋ ಮೊಣಕಾಲುದ್ದವೋ. ಇದನ್ನು ಬರೆಯಲು ಆ ಹಳ್ಳಿಗಳ ಹುಡುಗರಿಗೆ ಹೊಸ ವಿದ್ಯೆ ಕಲಿಸಬೇಕಾಗಿಲ್ಲ. ಕುರಿ ಮೇಯಿಸುತ್ತ, ಹೇಸರಗತ್ತೆ ಹೊಡೆಯುತ್ತ ಆ ದಾರಿಯಲ್ಲೇ ಬೆಳೆದವರು ಅವರು. ಬೇಕಾದದ್ದು ಅವರ ಮಾತಿಗೆ ಒಂದು ಕಾಲಂ, ಆ ಕೆಲಸಕ್ಕೆ ಒಂದು ಸಂಬಳ, ದಾರಿಯುದ್ದಕ್ಕೂ ಸಿಗ್ನಲ್ ಸಿಗದ ಕಡೆ ಸುದ್ದಿ ಕಳಿಸಲು ಒಂದು ವೈರ್‌ಲೆಸ್ ಸೆಟ್ಟು. ಆ ನಾಲ್ಕು ಸಾಲನ್ನು ಸಂಜೆಗೆ ಜಿಲ್ಲಾ ಕೇಂದ್ರಕ್ಕೆ ತಿಳಿಸಿ, ಹವಾಮಾನ ಇಲಾಖೆಯ ಮುನ್ಸೂಚನೆಯೊಡನೆ ಜೋಡಿಸಿ, ಮರುದಿನ ಬೆಳಿಗ್ಗೆ ಚೌಕಿಯ ಹಲಗೆಯ ಮೇಲೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದು ನಿಲ್ಲಿಸಿದರೆ, ಆ ದಿನ ಮೇಲಕ್ಕೆ ಹೊರಟ ತಂಡ ಹೋಗಬೇಕೋ ಒಂದು ದಿನ ಕಾಯಬೇಕೋ ಎಂದು ನಿರ್ಧರಿಸುವುದಕ್ಕೆ ಏನಾದರೂ ಆಧಾರ ಸಿಕ್ಕಂತಾಗುತ್ತದೆ. ಬೆಂಗಳೂರಿನಿಂದಲೋ ನಾಸಿಕದಿಂದಲೋ ತಂಡ ಕಳಿಸುವ ಸಂಸ್ಥೆಗಳು ಆ ಹಲಗೆಯ ಸುದ್ದಿಯನ್ನು ಕೇಳದೆ ಹೊರಡುವುದಿಲ್ಲವೆಂದು ತಮ್ಮ ನಿಯಮದಲ್ಲೇ ಬರೆದುಕೊಳ್ಳಬೇಕು. ಕಾದ ದಿನಕ್ಕೂ ಮರಳಿದ ದಿನಕ್ಕೂ ಹಣ ಕಳೆದುಕೊಳ್ಳುವ ಭಯ ಚಾರಣಿಗನಿಗೆ ಇರದಂತೆ, ಎರಡು ದಿನದ ಮೀಸಲನ್ನು ಕಾರ್ಯಕ್ರಮದಲ್ಲೂ ಶುಲ್ಕದಲ್ಲೂ ಮೊದಲೇ ಸೇರಿಸಿಬಿಡಬೇಕು. ಸಹಸ್ರತಾಲ್ ಸೀಮೆಯ ಹಳ್ಳಿಗಳಲ್ಲಿ ಅಂಥ ಒಂದು ಪುಸ್ತಕವನ್ನು ಮುಂದಿನ ಮೇ ತಿಂಗಳ ಮೊದಲ ತಂಡ ಹೊರಡುವುದರೊಳಗೆ ಆರಂಭಿಸಲು ಬೇಕಾದದ್ದು ಕರ್ನಾಟಕ, ಉತ್ತರಾಖಂಡ ಸರ್ಕಾರಗಳ ನಡುವೆ ಒಂದು ಪತ್ರವ್ಯವಹಾರ ಮಾತ್ರ; ಒಂಬತ್ತು ಜನರನ್ನು ಕಳೆದುಕೊಂಡ ದುಃಖವನ್ನು ಕಂಡ ನಮ್ಮ ರಾಜ್ಯವೇ ಆ ಮೊದಲ ಪತ್ರವನ್ನು ಬರೆಯುವುದು ಯುಕ್ತ.